ಗಾಡಿ ಸ್ಟಾರ್ಟ್ ಆಗುತ್ತದೆ, ಮೂರೇ ಸೆಕೆಂಡಿಗೆ ಆಫ್. 14 ಸಾವಿರ ಹೋಯಿತು, ರೋಗ ಹೋಗಲಿಲ್ಲ

ತೋಟದಮನೆ, ಶಿರಸಿ
ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ಕೇಳುವ ಸರದಿ ನನ್ನದು.

ನನ್ನದು 2012ರ ಪೆಟ್ರೋಲ್ ಗಾಡಿ. 1.2 ಲೀಟರ್ ಎಂಜಿನ್, 96 ಸಾವಿರ ಕಿ.ಮೀ. ಓಡಿದೆ. ಕಂಪನಿ ಹೆಸರು ಬೇಡ, ಗಾಡಿ ಮೇಲೆ ನನಗೆ ಸಿಟ್ಟಿಲ್ಲ. ಮೂರು ತಿಂಗಳಿಂದ ಒಂದು ಕಾಟ. ಕೀ ತಿರುಗಿಸಿದರೆ ಮೊದಲ ಸೆಲ್ಫಿಗೇ ಸ್ಟಾರ್ಟ್ ಆಗುತ್ತದೆ. ಒಂದು, ಎರಡು, ಮೂರು ಅನ್ನುವಷ್ಟರಲ್ಲಿ ಗಡಗಡ ನಡುಗಿ ಆಫ್. ಮತ್ತೆ ಸೆಲ್ಫ್, ಮತ್ತೆ ಆಫ್. ನಾಲ್ಕೈದು ಸಲ ಆದ ಮೇಲೆ ಹೇಗೋ ಹಿಡಿದುಕೊಳ್ಳುತ್ತದೆ. ಆಮೇಲೆ ಯಲ್ಲಾಪುರದವರೆಗೆ ಹೋಗಿ ಬಂದರೂ ಒಂದು ಕೆಮ್ಮಿಲ್ಲ.

ಕಷ್ಟ ಏನೆಂದರೆ ಇದು ದಿನಾ ಬರುವುದಿಲ್ಲ. ಗ್ಯಾರೇಜಿಗೆ ಒಯ್ದ ದಿನವಂತೂ ಹೊಸ ಅಳಿಯನ ಹಾಗೆ ಸಭ್ಯವಾಗಿರುತ್ತದೆ.

ಇದುವರೆಗೆ ನಾಲ್ಕೂ ಪ್ಲಗ್ ಬದಲಾಯಿತು. ಬ್ಯಾಟರಿ ಬದಲಾಯಿತು. ಕೊನೆಗೆ ಟ್ಯಾಂಕಿನೊಳಗಿನ ಫ್ಯುಯೆಲ್ ಪಂಪೂ ಬದಲಾಯಿತು. ಒಟ್ಟು 14 ಸಾವಿರ. ಪಂಪ್ ಹಾಕಿಸಿ ಆರು ದಿನ ಆರಾಮ. ಏಳನೇ ದಿನ ಪೇಟೆ ನಡುವೆ ಮತ್ತೆ ಅದೇ ಕಥೆ, ಹಿಂದೆ ಬಸ್ಸಿನ ಹಾರ್ನ್. ಮುಂದಿನ ತಿಂಗಳು ಸಾಗರದಲ್ಲಿ ನಾದಿನಿ ಮದುವೆ ಇದೆ. ಮನೆಯವರು ಈಗಲೇ ಬಾಡಿಗೆ ಗಾಡಿ ಹೇಳಿ ಎನ್ನುತ್ತಿದ್ದಾರೆ. ಇನ್ನೇನು ಬದಲಾಯಿಸಲಿ?


ರಿಂಗ್‌ರೋಡ್, ಬೆಂಗಳೂರು
ಭಾನುವಾರ ರಾತ್ರಿ 9:32

ಗಾಡಿಯಲ್ಲಿ ಏನೂ ಇಲ್ಲ ಬ್ರೋ. ಪೆಟ್ರೋಲ್‌ನಲ್ಲಿ ಇದೆ. 2012ರ ಗಾಡಿಗೆ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಕುಡಿಸಿದರೆ ಇನ್ನೇನಾಗುತ್ತದೆ? ನನ್ನ ಹಳೆ ಗಾಡಿಯ ಮೈಲೇಜೂ ಬಿದ್ದಿದೆ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಮಲೆನಾಡಿನ ಮಳೆಯಲ್ಲಿ ಕೇಳಬೇಕೇ?


ಜೋಳದರೊಟ್ಟಿ, ಹುಬ್ಬಳ್ಳಿ
ಭಾನುವಾರ ರಾತ್ರಿ 9:41

ಮೊದಲು ಬಾನೆಟ್ ಎತ್ತಿ ಇಲಿ ನೋಡ್ರಿ. ತೋಟದ ಮನೆ ಅಂತೀರಿ, ಇಲಿ ಇಲ್ಲದೆ ಇರುತ್ತದೇನು? ನನ್ನ ಗಾಡಿಯ ಏರ್ ಫಿಲ್ಟರ್ ಡಬ್ಬಿ ತೆಗೆದರೆ ಒಳಗೆ ಶೇಂಗಾ ಸಿಪ್ಪೆ, ಹಾಸಿಗೆ ಹತ್ತಿ, ಮೂರು ಮರಿ. ಪೂರಾ ಸಂಸಾರ! ಫಿಲ್ಟರಿನ ಅರ್ಧಭಾಗ ಮುಚ್ಚಿಹೋಗಿತ್ತು. ಎಂಜಿನ್‌ಗೆ ಉಸಿರೇ ಇಲ್ಲ. ಮನೆಯಾಕೆ ಮರಿಗಳನ್ನು ಹಿತ್ತಿಲಿಗೆ ಬಿಡೋತನಕ ನನಗೆ ಸ್ಪ್ಯಾನರ್ ಮುಟ್ಟಲು ಬಿಡಲಿಲ್ಲ.


ಸಮುದ್ರದಾಚೆ, ಮಸ್ಕತ್
ಭಾನುವಾರ ರಾತ್ರಿ 10:05

ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಕೆಟ್ಟಿರಬಹುದು. ಇಲ್ಲಿ ಬೇಸಿಗೆಯಲ್ಲಿ ನನಗೆ ಇದೇ ಆಗಿತ್ತು. ಎಂಜಿನ್ ಬಿಸಿಯಾದರೆ ಸಿಗ್ನಲ್‌ನಲ್ಲೇ ಆಫ್. ಇಪ್ಪತ್ತು ನಿಮಿಷ ತಣ್ಣಗಾದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪ ಅಲ್ಲಾಡುತ್ತದಾ ನೋಡಿ. ನನ್ನದರಲ್ಲಿ ಸೊನ್ನೆಯಲ್ಲೇ ಮಲಗಿರುತ್ತಿತ್ತು. ಸ್ಕ್ಯಾನರ್ ಹಾಕಿದಾಗ ಪಿ0335 ಅಂತ ಬಂತು, ಅದು ಆ ಸೆನ್ಸರಿನ ದೋಷದ ಕೋಡ್.


ಹಳೇಸ್ಪ್ಯಾನರ್, ದಾವಣಗೆರೆ
ಸೋಮವಾರ ಬೆಳಿಗ್ಗೆ 6:20

ತೋಟದಮನೆಯವರೇ, ಸ್ವಲ್ಪ ತಡೆಯಿರಿ. ಇನ್ನೊಂದು ಪಾರ್ಟ್ ಕೊಳ್ಳಬೇಡಿ.

31 ವರ್ಷ ಗ್ಯಾರೇಜ್ ನಡೆಸಿದವನು ನಾನು. ಈಗ ಮಗ ನೋಡಿಕೊಳ್ಳುತ್ತಾನೆ, ನಾನು ಕುರ್ಚಿ ಹಾಕಿಕೊಂಡು ತಪ್ಪು ಹುಡುಕುತ್ತೇನೆ. ನೀವು ಏನು ಬದಲಾಯಿಸಿದಿರಿ ಅಂತ ಉದ್ದ ಬರೆದಿದ್ದೀರಿ. ಯಾವಾಗ ಆಫ್ ಆಗುತ್ತದೆ ಅಂತ ಒಂದೇ ಸಾಲು ಬರೆದಿದ್ದೀರಿ. ನನಗೆ ಬೇಕಾದದ್ದು ಅದು.

ಸ್ಟಾರ್ಟ್ ಆಗುತ್ತದೆ ಅಂದರೆ ಕಿಡಿ ಇದೆ, ಪೆಟ್ರೋಲ್ ಬರುತ್ತಿದೆ, ಕಂಪ್ರೆಷನ್ ಇದೆ. ಆಮೇಲಿನ ಎರಡು ಮೂರು ಸೆಕೆಂಡಿನಲ್ಲಿ ಏನೋ ಬದಲಾಗುತ್ತಿದೆ. ಸೆಲ್ಫ್ ಹಿಡಿದಿರುವಷ್ಟು ಹೊತ್ತು ಓಡಿ, ಕೀ ಕೈಬಿಟ್ಟ ಕ್ಷಣ ಆಫ್ ಆದರೆ ಕೀ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದಿರುತ್ತದೆ. ಪ್ರತಿ ಸಲವೂ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಒಂದೇ ಅಳತೆಗೆ ಆಫ್ ಆಗಿ, ಮೀಟರಿನಲ್ಲಿ ಕೀ ಗುರುತಿನ ಲೈಟ್ ಮಿನುಗಿದರೆ ಇಮ್ಮೊಬಿಲೈಜರ್, ಅಂದರೆ ಕೀಯೊಳಗಿನ ಚಿಪ್ ಗುರುತು ಸಿಗದಿದ್ದರೆ ಎಂಜಿನ್ ನಿಲ್ಲಿಸುವ ಕಳ್ಳತನ ತಡೆ. ನಿಮ್ಮದು ನಡುಗಿ ಸಾಯುತ್ತಿದೆ, ಹಾಗಾಗಿ ಇವೆರಡೂ ಅಲ್ಲ ಅನ್ನಿಸುತ್ತದೆ.

ಮುಂದಿನ ಸಲ ಆದಾಗ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಸೆಲ್ಫ್ ಹೊಡೆಯಿರಿ. ರೇಸ್ ಕೊಟ್ಟಷ್ಟೂ ಬೇಗ ಸತ್ತರೆ ಪೆಟ್ರೋಲ್ ಸಾಲುತ್ತಿಲ್ಲ. ಪಂಪ್, ಫಿಲ್ಟರ್, ರಿಲೇ, ಆ ಕಡೆ ಹೋಗಬೇಕು. ರೇಸ್ ಕೊಟ್ಟರೆ ಬದುಕಿದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಪೆಟ್ರೋಲ್ ಜಾಸ್ತಿಯಾಗುತ್ತಿದೆ. ವಾಸನೆ ನೋಡಿ. ಹಳೆ ಪ್ಲಗ್ ಬಿಸಾಡದೆ ಇಟ್ಟಿದ್ದರೆ ಅದರ ಬಣ್ಣ ಹೇಳಿ.

ಇನ್ನೊಂದು ಕೆಲಸ. ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಚೀಟಿ, ಒಂದು ಪೆನ್ಸಿಲ್ ಇಡಿ. ಪ್ರತಿ ಸಲ ಆಫ್ ಆದಾಗ ಹೊತ್ತು, ಬಿಸಿಲೋ ಮಳೆಯೋ, ಎಂಜಿನ್ ಬಿಸಿಯೋ ತಣ್ಣಗೋ, ಟ್ಯಾಂಕ್ ಎಷ್ಟಿತ್ತು, ಅದಕ್ಕೂ ಮೊದಲು ಎಲ್ಲಿಗೆ ಹೋಗಿದ್ದಿರಿ, ಎಲ್ಲ ಬರೆಯಿರಿ.


ತೋಟದಮನೆ, ಶಿರಸಿ
ಸೋಮವಾರ ರಾತ್ರಿ 8:15

ಸ್ಪ್ಯಾನರ್ ಸರ್, ಧನ್ಯವಾದ. ರೇಸ್ ಕೊಟ್ಟರೆ ಬದುಕುತ್ತದೆ. ಅದು ನನಗೆ ಮೊದಲೇ ಗೊತ್ತಿತ್ತು, ಬರೆಯಬೇಕು ಅಂತ ಹೊಳೆಯಲಿಲ್ಲ. ಒಂದೆರಡು ನಿಮಿಷ ಕಾಲಲ್ಲೇ ಹಿಡಿದಿಟ್ಟರೆ ಆಮೇಲೆ ತನ್ನಷ್ಟಕ್ಕೆ ಓಡುತ್ತದೆ. ಹಿಂದೆ ಸ್ವಲ್ಪ ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇರುತ್ತದೆ.

ಹಳೆ ಪ್ಲಗ್ ಡಿಕ್ಕಿಯಲ್ಲೇ ಇವೆ. ನಾಲ್ಕೂ ಮಸಿ ಹಿಡಿದ ಹಾಗೆ ಕಪ್ಪು. ಗ್ಯಾರೇಜಿನವರು ‘ವಯಸ್ಸಾಗಿದೆ’ ಅಂದಿದ್ದರು.

ಇಲಿ ವಿಚಾರ: ಡಬ್ಬಿ ಬಿಚ್ಚಿ ನೋಡಿದೆ. ಸಂಸಾರ ಇಲ್ಲ. ಒಂದು ಒಣಗಿದ ಅಡಿಕೆ ಸಿಪ್ಪೆ ಸಿಕ್ಕಿತು, ಫಿಲ್ಟರ್ ಚೊಕ್ಕವಾಗಿದೆ. ವೈರ್ ಎಲ್ಲೂ ಕಡಿದಿಲ್ಲ. ಎಂಜಿನ್ ಲೈಟ್ ಒಮ್ಮೆಯೂ ಬಂದಿಲ್ಲ.


ಹಳೇಸ್ಪ್ಯಾನರ್, ದಾವಣಗೆರೆ
ಸೋಮವಾರ ರಾತ್ರಿ 8:50

ಕಪ್ಪು ಪ್ಲಗ್ ವಯಸ್ಸಿನಿಂದ ಆಗುವುದಿಲ್ಲ. ವಯಸ್ಸಾದ ಪ್ಲಗ್ಗಿನ ತುದಿ ಸವೆಯುತ್ತದೆ. ಹೀಗೆ ಒಣ ಮಸಿ ಕೂತಿದ್ದರೆ ಹೆಚ್ಚಾದ ಪೆಟ್ರೋಲ್ ಉರಿಯದೆ ಉಳಿದಿದೆ ಅಂತ ಅರ್ಥ. ಉತ್ತರ ಕೈಯಲ್ಲೇ ಇತ್ತು, ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು ಹೊಸದು ಹಾಕಿದರು.

ಪೆಟ್ರೋಲ್ ಜಾಸ್ತಿಯಾಗುತ್ತಿರುವ ಗಾಡಿಗೆ ಹೊಸ ಪಂಪ್ ಹಾಕಿದ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಎಂಜಿನ್‌ಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಬಾಡಿ ಒಮ್ಮೆ ಕ್ಲೀನ್ ಮಾಡಿಸಿ. 96 ಸಾವಿರಕ್ಕೆ ಅಲ್ಲಿ ಕಾರ್ಬನ್ ಇದ್ದೇ ಇರುತ್ತದೆ. ಐಡ್ಲಿಂಗ್‌ನಲ್ಲಿ ಗಾಳಿ ಬರುವ ಸಂದು ಕೂದಲೆಳೆಯಷ್ಟು. ಅದು ಮುಚ್ಚಿದರೂ ಹೀಗೇ ಆಗುತ್ತದೆ. ಆದರೆ ಅದೇ ಕಾರಣವಾದರೆ ದಿನಾ ಆಗಬೇಕಿತ್ತು. ಎಂಜಿನ್ ಎಷ್ಟು ಬಿಸಿ ಅಂತ ಅಳೆಯುವ ಕೂಲಂಟ್ ಸೆನ್ಸರ್ ಸುಳ್ಳು ಹೇಳಿದರೂ ದಿನಾ ಆಗಬೇಕು. ನಿಮ್ಮದು ವಾರಕ್ಕೊಮ್ಮೆ ಯಾಕೆ? ಚೀಟಿ ಬರೆಯಿರಿ.


ರಿಂಗ್‌ರೋಡ್, ಬೆಂಗಳೂರು
ಸೋಮವಾರ ರಾತ್ರಿ 9:02

ಸರ್, ಇ20 ಬಗ್ಗೆ ಯಾರೂ ಮಾತೇ ಆಡುತ್ತಿಲ್ಲವಲ್ಲ.


ಹಳೇಸ್ಪ್ಯಾನರ್, ದಾವಣಗೆರೆ
ಸೋಮವಾರ ರಾತ್ರಿ 9:20

ಮಾತಾಡೋಣ. ಇ20 ಬಂಕಿಗೆ ಬಂದದ್ದು 2023ರ ಫೆಬ್ರವರಿಯಲ್ಲಿ, ಅದೂ ನಿಮ್ಮ ಬೆಂಗಳೂರಿನ ಸಮಾರಂಭದಲ್ಲೇ ಶುರು ಮಾಡಿದ್ದು. ಹಳೆ ಗಾಡಿಯ ರಬ್ಬರ್ ಪೈಪ್, ಸೀಲ್‌ಗಳಿಗೆ ಎಥನಾಲ್ ಅಷ್ಟು ಒಳ್ಳೆಯದಲ್ಲ, ಒಪ್ಪುತ್ತೇನೆ. ಮೈಲೇಜ್ ಕಡಿಮೆಯಾಗುತ್ತದೆ, ಅದೂ ಸರಿ. ಎಥನಾಲ್‌ನಲ್ಲಿ ಪೆಟ್ರೋಲಿನಷ್ಟು ಶಕ್ತಿ ಇಲ್ಲ.

ಆದರೆ ಎಥನಾಲ್‌ನಲ್ಲೇ ಆಮ್ಲಜನಕ ಇದೆ. ಅದು ಜಾಸ್ತಿಯಾದರೆ ಗಾಳಿ-ಪೆಟ್ರೋಲ್ ಮಿಶ್ರಣ ತೆಳ್ಳಗಾಗುತ್ತದೆ. ಇವರ ಗಾಡಿಯಲ್ಲಿ ಮಿಶ್ರಣ ದಪ್ಪ, ಅಂದರೆ ಪೆಟ್ರೋಲ್ ಜಾಸ್ತಿ, ಪ್ಲಗ್ ಕಪ್ಪು. ರೋಗ ಈ ಕಡೆ ಇದೆ, ನೀವು ಆ ಕಡೆ ಬೊಟ್ಟು ಮಾಡುತ್ತಿದ್ದೀರಿ.

ನೀರಿನ ಅನುಮಾನ ಇದ್ದರೆ ಪರೀಕ್ಷೆ ಸುಲಭ. ಗಾಜಿನ ಬಾಟಲಿಯಲ್ಲಿ ಅರ್ಧ ಲೀಟರ್ ಹಿಡಿದು, ಮುಚ್ಚಿ, ಒಲೆ ದೀಪದಿಂದ ದೂರ ರಾತ್ರಿಯಿಡೀ ಅಲ್ಲಾಡದೆ ಇಡಿ. ನೀರು ಜಾಸ್ತಿ ಸೇರಿದ್ದರೆ ಕೆಳಗೆ ಬೇರೆ ಪದರ ಕಾಣುತ್ತದೆ. ಕಲಬೆರಕೆ ಅನುಮಾನಕ್ಕೆ ಬಂಕಿನಲ್ಲೇ ಫಿಲ್ಟರ್ ಪೇಪರ್ ಕೇಳಬಹುದು, ಅದು ಗ್ರಾಹಕನ ಹಕ್ಕು. ಒಂದು ಹನಿ ಬಿಟ್ಟರೆ ಕಲೆ ಉಳಿಯದೆ ಆರಬೇಕು.


ಕಾಫಿಜೀಪ್, ಮೂಡಿಗೆರೆ
ಮಂಗಳವಾರ ಮಧ್ಯಾಹ್ನ 1:30

ನಡುವೆ ನನ್ನದೂ ಒಂದು, ಕ್ಷಮಿಸಿ. ತೋಟದ ಡೀಸೆಲ್ ಜೀಪ್, ಹಳೆಯದು. ಬೆಳಿಗ್ಗೆ ಸ್ಟಾರ್ಟ್ ಆಗಿ ಅರ್ಧ ನಿಮಿಷ ಓಡಿ ಆಫ್. ಆಮೇಲೆ ಕೈ ಪಂಪ್ ಒತ್ತದೆ ಸ್ಟಾರ್ಟೇ ಆಗುವುದಿಲ್ಲ. ಇದಕ್ಕೂ ಚೀಟಿ ಬರೆಯಬೇಕೇ ಸರ್?


ಹಳೇಸ್ಪ್ಯಾನರ್, ದಾವಣಗೆರೆ
ಮಂಗಳವಾರ ಮಧ್ಯಾಹ್ನ 2:10

ಬೇಡ. ಇದು ಏರ್ ಲಾಕ್. ರಾತ್ರಿ ಪೈಪಿಗೆ ಗಾಳಿ ಎಳೆದುಕೊಂಡು ಡೀಸೆಲ್ ಟ್ಯಾಂಕಿಗೆ ಇಳಿಯುತ್ತದೆ. ಫಿಲ್ಟರಿನಲ್ಲಿ ಉಳಿದಷ್ಟು ಸುಟ್ಟು ಎಂಜಿನ್ ಸಾಯುತ್ತದೆ. ಟ್ಯಾಂಕಿಗೂ ಫಿಲ್ಟರಿಗೂ ನಡುವೆ ಒಂದಡಿ ಪಾರದರ್ಶಕ ಡೀಸೆಲ್ ಪೈಪ್ ಹಾಕಿ ನೋಡಿ, ಗುಳ್ಳೆ ಕಾಣುತ್ತದೆ. ಜಾಯಿಂಟ್ ಬೋಲ್ಟಿನ ತಾಮ್ರದ ವಾಷರ್ ಬದಲಾಯಿಸಿ. ಹಳೆ ವಾಷರ್ ತಿರುಗಿಸಿ ಹಾಕುವ ಬುದ್ಧಿವಂತಿಕೆ ಬೇಡ. ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ನೀರೂ ಇಳಿಸಿ.


ತೊಗರಿಬೇಳೆ, ಕಲಬುರಗಿ
ಮಂಗಳವಾರ ರಾತ್ರಿ 7:45

ಇಮ್ಮೊಬಿಲೈಜರ್ ಅಂದಿರಲ್ಲ, ನನಗೆ ಆಗಿದ್ದೇ ಅದು. ಕೀ ಕಳೆದುಹೋಯಿತು ಅಂತ ರಸ್ತೆಬದಿಯಲ್ಲಿ ಡೂಪ್ಲಿಕೇಟ್ ಕೀ ಮಾಡಿಸಿದೆ. ಬಾಗಿಲು ತೆಗೆಯುತ್ತದೆ, ಸ್ಟಾರ್ಟೂ ಆಗುತ್ತದೆ, ಎರಡು ಸೆಕೆಂಡಿಗೆ ಆಫ್. ಮೂರು ದಿನ ಪೆಟ್ರೋಲ್, ಪ್ಲಗ್ ಅಂತ ತಲೆ ಕೆಡಿಸಿಕೊಂಡೆ. ಕೀಯೊಳಗೆ ಚಿಪ್ಪೇ ಇರಲಿಲ್ಲ! ರಿಮೋಟಿನ ಬ್ಯಾಟರಿಗೂ ಆ ಚಿಪ್ಪಿಗೂ ಸಂಬಂಧ ಇಲ್ಲ ಅಂತ ಆಗಲೇ ಗೊತ್ತಾಗಿದ್ದು. ಕಳೆದ ಕೀ ಆಮೇಲೆ ಸಿಕ್ಕಿತು. ಎಲ್ಲಿ ಅಂತ ಕೇಳಬೇಡಿ.


ತೋಟದಮನೆ, ಶಿರಸಿ
ಮುಂದಿನ ಬುಧವಾರ ರಾತ್ರಿ 8:30

ಒಂಬತ್ತು ದಿನದ ಚೀಟಿ ಮುಗಿಯಿತು. ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದೆ. ಐಡ್ಲಿಂಗ್ ನುಣುಪಾಯಿತು, ಆದರೆ ಕಾಟ ಹೋಗಿಲ್ಲ. ಬಾಟಲಿ ಪರೀಕ್ಷೆಯೂ ಆಯಿತು. ಬೆಳಿಗ್ಗೆ ನೋಡಿದರೆ ಒಂದೇ ಪದರ, ತಿಳಿಯಾಗಿದೆ. ಅಮ್ಮ ಎಣ್ಣೆ ಬಾಟಲಿ ಅಂದುಕೊಂಡು ಒಳಗೆ ಎತ್ತಿಡುತ್ತಿದ್ದರು, ಸ್ವಲ್ಪದರಲ್ಲಿ ತಪ್ಪಿತು.

ಒಂಬತ್ತು ದಿನದಲ್ಲಿ ಮೂರು ಸಲ ಆಫ್ ಆಗಿದೆ. ಶುಕ್ರವಾರ ಸಂಜೆ, ಪೇಟೆ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಹೊರಡುವಾಗ. ಶನಿವಾರ ಮಧ್ಯಾಹ್ನ, ಬಿಸಿಲಲ್ಲಿ ಎರಡು ಗಂಟೆ ನಿಂತಿದ್ದ ಮೇಲೆ. ನಿನ್ನೆ, ಕುಮಟಾದಲ್ಲಿ ಬೇರೆ ಬಂಕ್, ಬೇರೆ ಕಂಪನಿ, ಹಾಕಿಸಿ ಹೊರಡುವಾಗ ಮತ್ತೆ. ಉಳಿದ ದಿನ ಏನೂ ಇಲ್ಲ.


ರಿಂಗ್‌ರೋಡ್, ಬೆಂಗಳೂರು
ಬುಧವಾರ ರಾತ್ರಿ 8:36

ನಾನು ಹೇಳಿದ್ದೇನು? ಪೆಟ್ರೋಲ್ ಹಾಕಿದ ಕೂಡಲೇ ಆಗುತ್ತಿದೆ!


ಸಮುದ್ರದಾಚೆ, ಮಸ್ಕತ್
ಬುಧವಾರ ರಾತ್ರಿ 8:44

ಹಾಕಿದ ಕೂಡಲೇ ಆ ಪೆಟ್ರೋಲ್ ಎಂಜಿನ್‌ವರೆಗೆ ಬಂದಿರುವುದಿಲ್ಲವಲ್ಲ. ಪೈಪಿನಲ್ಲಿ ಇನ್ನೂ ಹಳೆಯದೇ ಇರುತ್ತದೆ. ಮೂರು ಸೆಕೆಂಡಿನಲ್ಲಿ ಹೊಸ ಪೆಟ್ರೋಲ್ ತಪ್ಪು ಮಾಡುವುದು ಹೇಗೆ?


ಪದ್ಮಕ್ಕ, ಮೈಸೂರು
ಬುಧವಾರ ರಾತ್ರಿ 9:15

ನಾನು ಮೆಕ್ಯಾನಿಕ್ ಅಲ್ಲ. ನಮ್ಮ ಯಜಮಾನರ ಹಳೆ ಚೋಕ್ ಗಾಡಿಯಿಂದ ಹಿಡಿದು ಇವತ್ತಿನ ಗಾಡಿಯವರೆಗೆ ನಲವತ್ತು ವರ್ಷ ಓಡಿಸಿದ್ದೇನೆ, ಅಷ್ಟೇ. ಒಂದು ಮಾತು ಕೇಳಬಹುದಾ? ಪೆಟ್ರೋಲ್ ಹೇಗೆ ಹಾಕಿಸುತ್ತೀರಿ? ಗನ್ ಟಕ್ ಅಂತ ಕಟ್ ಆದ ಮೇಲೂ ಹಾಕಿಸುತ್ತೀರಾ? ಯಜಮಾನರು ಅದಕ್ಕೆ ಬಂಕ್ ಹುಡುಗರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದರು. ಯಾಕೆ ಅಂತ ನನಗೆ ಹೇಳಲೇ ಇಲ್ಲ.


ತೋಟದಮನೆ, ಶಿರಸಿ
ಬುಧವಾರ ರಾತ್ರಿ 9:22

ಅಕ್ಕಾ, ನಮ್ಮ ಮನೆಯಿಂದ ಬಂಕಿಗೆ 18 ಕಿ.ಮೀ. ಹಾಗಾಗಿ ಹೋದಾಗಲೆಲ್ಲ ಫುಲ್ ಟ್ಯಾಂಕ್. ಕಟ್ ಆದ ಮೇಲೆ ಗಾಡಿ ಸ್ವಲ್ಪ ಅಲ್ಲಾಡಿಸಿ, ಕತ್ತಿನವರೆಗೆ ಕಾಣುವ ಹಾಗೆ ತುಂಬಿಸುತ್ತೇನೆ. ಬಂಕ್ ಹುಡುಗ ‘ರೌಂಡ್ ಫಿಗರ್ ಮಾಡಲಾ ಸರ್’ ಅಂತಾನೆ, ನಾನು ಹೂಂ ಅಂತೀನಿ. ಅದು ತಪ್ಪಾ?


ಹಳೇಸ್ಪ್ಯಾನರ್, ದಾವಣಗೆರೆ
ಬುಧವಾರ ರಾತ್ರಿ 9:58

ಪದ್ಮಕ್ಕಾ, ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ. ನಾನು ಕೇಳಬೇಕಾಗಿದ್ದ ಪ್ರಶ್ನೆ ನೀವು ಕೇಳಿದಿರಿ.

ಈಗ ಕೇಳಿ. ಟ್ಯಾಂಕಿನೊಳಗೆ ಪೆಟ್ರೋಲ್ ಸದಾ ಆವಿಯಾಗುತ್ತಿರುತ್ತದೆ. ಆ ಆವಿಯನ್ನು ಹೊರಗೆ ಬಿಡುವಂತಿಲ್ಲ. ಅದಕ್ಕೆ ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ, ಚಾರ್ಕೋಲ್ ಕ್ಯಾನಿಸ್ಟರ್ ಅನ್ನುತ್ತಾರೆ. ಇದ್ದಿಲು ಆವಿಯನ್ನು ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾಗಿ, ಗಾಡಿ ಓಡುವಾಗ, ಪರ್ಜ್ ವಾಲ್ವ್ ಎಂಬ ಸಣ್ಣ ಕರೆಂಟ್ ವಾಲ್ವ್ ತೆರೆದು ಆ ಆವಿಯನ್ನು ಸ್ವಲ್ಪ ಸ್ವಲ್ಪವೇ ಎಂಜಿನ್‌ಗೆ ಉಣಿಸುತ್ತದೆ. ಸ್ಟಾರ್ಟ್ ಮಾಡುವಾಗ ಈ ವಾಲ್ವ್ ಗಟ್ಟಿಯಾಗಿ ಮುಚ್ಚಿರಬೇಕು.

ಅದು ಮುಚ್ಚದೆ ಇದ್ದರೆ? ಸ್ಟಾರ್ಟ್ ಆದ ಕೂಡಲೇ ಎಂಜಿನ್ ಆ ಪೈಪಿನಿಂದ ಆವಿಯನ್ನು ಸೊರಸೊರ ಎಳೆದುಕೊಳ್ಳುತ್ತದೆ. ಇಂಜೆಕ್ಟರ್ ಕೊಡುವ ಪೆಟ್ರೋಲ್ ಬೇರೆ, ಇದು ಬೇರೆ. ಕೆಮ್ಮಿ ಸಾಯುತ್ತದೆ. ಟ್ಯಾಂಕ್ ಆಗಷ್ಟೇ ತುಂಬಿಸಿದಾಗ ಆವಿ ಜಾಸ್ತಿ. ತುಂಬಿದ ಟ್ಯಾಂಕ್ ಬಿಸಿಲಲ್ಲಿ ನಿಂತಾಗಲೂ ಜಾಸ್ತಿ. ನಿಮ್ಮ ಚೀಟಿಯಲ್ಲಿರುವ ಮೂರೂ ಸಲ ಇದೇ. ರೇಸ್ ಕೊಟ್ಟರೆ ಥ್ರಾಟಲ್ ತೆರೆದು ಗಾಳಿ ಬರುತ್ತದೆ, ಆವಿಯ ಎಳೆತವೂ ಇಳಿಯುತ್ತದೆ. ಅದಕ್ಕೆ ಬದುಕುತ್ತದೆ.

ಹೊಸ ಪಂಪ್ ಹಾಕಿದಾಗ ಆರು ದಿನ ಸರಿ ಇತ್ತು ಅಂದಿರಿ. ಪಂಪ್ ಹಾಕಲು ಟ್ಯಾಂಕ್ ಖಾಲಿ ಮಾಡಿದ್ದರು ತಾನೇ? ಏಳನೇ ದಿನ ಎಲ್ಲಿಗೆ ಹೋಗಿದ್ದಿರಿ?


ತೋಟದಮನೆ, ಶಿರಸಿ
ಬುಧವಾರ ರಾತ್ರಿ 10:06

ಅಯ್ಯೋ ಮಾರಾಯರೇ. ಬಂಕಿಗೆ. ನಾಲ್ಕು ಲೀಟರ್ ಮಾತ್ರ ಹಾಕಿ ಕೊಟ್ಟಿದ್ದರು. ಏಳನೇ ದಿನ ಫುಲ್ ಮಾಡಿಸಿದೆ.


ಹಳೇಸ್ಪ್ಯಾನರ್, ದಾವಣಗೆರೆ
ಗುರುವಾರ ಬೆಳಿಗ್ಗೆ 6:05

ಹಾಗಾದರೆ ಪರೀಕ್ಷೆ ಮಾಡೋಣ. ಗಾಡಿಯನ್ನು ಶೆಡ್ಡಿನಿಂದ ಹೊರಗೆ ತನ್ನಿ. ಹತ್ತಿರ ಬೀಡಿ, ಬೆಂಕಿ ಯಾವುದೂ ಬೇಡ. ಎಂಜಿನ್ ತಣ್ಣಗಿರಬೇಕು. ಥ್ರಾಟಲ್ ಹತ್ತಿರದ ಇನ್‌ಟೇಕ್‌ಗೆ ತೆಳ್ಳಗಿನ ಒಂದು ಪೈಪ್ ಹೋಗಿರುತ್ತದೆ. ಅದರ ದಾರಿಯಲ್ಲಿ ಎರಡು ವೈರಿನ ಪ್ಲಗ್ ಇರುವ, ಹೆಬ್ಬೆರಳು ಗಾತ್ರದ ಒಂದು ಕಪ್ಪು ವಾಲ್ವ್ ಸಿಗುತ್ತದೆ. ಅದರಿಂದ ಕ್ಯಾನಿಸ್ಟರ್ ಕಡೆ ಹೋಗುವ ಪೈಪ್ ಕಿತ್ತು, ಎಂಜಿನ್ ಸ್ಟಾರ್ಟ್ ಮಾಡಿ, ವಾಲ್ವಿನ ಬಾಯಿಗೆ ಬೆರಳಿಡಿ. ಬೆರಳು ಎಳೆಯಬಾರದು. ಎಳೆದರೆ ವಾಲ್ವ್ ಸೋರುತ್ತಿದೆ. ಲುಂಗಿ ಉಟ್ಟಿದ್ದರೆ ಎತ್ತಿ ಕಟ್ಟಿ, ಬೆಲ್ಟ್ ಓಡುತ್ತಿರುತ್ತದೆ. ಇದು ತಮಾಷೆಗೆ ಹೇಳಿದ್ದಲ್ಲ.

ಖಾತ್ರಿಗೆ ವಾಲ್ವ್ ಬಿಚ್ಚಿ ಬಾಯಿಂದ ಊದಿ. ಕರೆಂಟ್ ಇಲ್ಲದಾಗ ಗಾಳಿ ಹೋಗಬಾರದು.


ಜೋಳದರೊಟ್ಟಿ, ಹುಬ್ಬಳ್ಳಿ
ಗುರುವಾರ ಬೆಳಿಗ್ಗೆ 8:20

ಹಂಗಾದರ ಎಂಜಿನ್ ಲೈಟ್ ಯಾಕೆ ಬರಲಿಲ್ಲ ಸರ್?


ಹಳೇಸ್ಪ್ಯಾನರ್, ದಾವಣಗೆರೆ
ಗುರುವಾರ ಬೆಳಿಗ್ಗೆ 8:41

ವಾಲ್ವಿಗೆ ಕರೆಂಟ್ ಸರಿಯಾಗಿ ಹೋಗುತ್ತಿದೆ, ಕಾಯಿಲ್ ಸರಿ ಇದೆ. ಗಾಡಿಯ ಕಂಪ್ಯೂಟರ್ ನೋಡುವುದು ಅಷ್ಟನ್ನೇ. ಬಾಯಿ ಮುಚ್ಚಿದೆಯೋ ಇಲ್ಲವೋ ಅಂತ ಇಂಥ ಹಳೆ ಗಾಡಿಗೆ ಗೊತ್ತಾಗುವುದು ಕಷ್ಟ. ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲ್ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ, ನೋಡಿದ್ದರೆ ಮೈನಸ್ಸಿನಲ್ಲಿ ಆಳಕ್ಕೆ ಹೋಗಿರುತ್ತಿತ್ತು. ಆದರೆ ರೋಗ ಇದ್ದ ದಿನವೇ ನೋಡಬೇಕು.


ತೋಟದಮನೆ, ಶಿರಸಿ
ಗುರುವಾರ ಸಂಜೆ 6:30

ಬೆರಳು ಎಳೆಯಿತು! ಪುಟ್ಟ ಮಗು ಬೆರಳು ಚೀಪಿದ ಹಾಗೆ. ವಾಲ್ವ್ ಬಿಚ್ಚಿ ಊದಿದರೆ ಕೊಳಲಿನ ಹಾಗೆ ಗಾಳಿ ಆ ಕಡೆ ಹೋಗುತ್ತದೆ. ಬಿಳಿ ಕಾಗದದ ಮೇಲೆ ತಟ್ಟಿದೆ, ಸಾಸಿವೆಗಿಂತ ಸಣ್ಣ ನಾಲ್ಕು ಕಪ್ಪು ಕಾಳು ಬಿದ್ದವು. ಫೋಟೋ ಹಾಕಿದ್ದೇನೆ.


ಹಳೇಸ್ಪ್ಯಾನರ್, ದಾವಣಗೆರೆ
ಗುರುವಾರ ಸಂಜೆ 7:12

ಅದು ಇದ್ದಿಲು. ಕ್ಯಾನಿಸ್ಟರ್ ಇರುವುದು ಆವಿಗೆ, ದ್ರವಕ್ಕೆ ಅಲ್ಲ. ಕತ್ತಿನವರೆಗೆ ತುಂಬಿಸಿದಾಗ ಪೆಟ್ರೋಲೇ ಆ ಪೈಪಿಗೆ ನುಗ್ಗಿ ಡಬ್ಬಿಗೆ ಹೋಗುತ್ತದೆ. ವರ್ಷಗಟ್ಟಲೆ ಹಾಗೆ ತೋಯ್ದು ಇದ್ದಿಲು ಪುಡಿಯಾಗಿ, ಒಂದು ಕಾಳು ಬಂದು ವಾಲ್ವಿನ ಬಾಯಲ್ಲಿ ಕೂತಿದೆ. ಬಾಗಿಲ ಸಂದಿಗೆ ಕಲ್ಲು ಸಿಕ್ಕಿದ ಹಾಗೆ.

ವಾಲ್ವ್ ಹೊಸದು ಹಾಕಿ. ಕ್ಯಾನಿಸ್ಟರ್ ಬಿಚ್ಚಿ ತೂಕ ನೋಡಿ, ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅಥವಾ ಕಾಳು ಸುರಿದರೆ ಅದನ್ನೂ ಬದಲಾಯಿಸಿ. ಇಲ್ಲದಿದ್ದರೆ ಹೊಸ ವಾಲ್ವಿಗೂ ಇದೇ ಗತಿ. ಕೆಲವರು ಪೈಪಿಗೆ ಬೋಲ್ಟ್ ತುರುಕಿ ಮುಚ್ಚಿ ಕಳಿಸುತ್ತಾರೆ, ಅದಕ್ಕೆ ಒಪ್ಪಬೇಡಿ. ಆವಿಗೆ ದಾರಿ ಬೇಕು.


ರಿಂಗ್‌ರೋಡ್, ಬೆಂಗಳೂರು
ಗುರುವಾರ ರಾತ್ರಿ 8:03

ಸರಿ, ಸೋತೆ. ಆದರೆ ನನ್ನ ಮೈಲೇಜ್ ಬಿದ್ದಿರುವುದು ಇ20 ಇಂದಲೇ.


ಹಳೇಸ್ಪ್ಯಾನರ್, ದಾವಣಗೆರೆ
ಗುರುವಾರ ರಾತ್ರಿ 8:10

ಅದರಲ್ಲಿ ನೀವು ಗೆದ್ದಿರಿ. ಟೈರಿನ ಗಾಳಿಯನ್ನೂ ಒಮ್ಮೆ ನೋಡಿಸಿ.


ಕಾಫಿಜೀಪ್, ಮೂಡಿಗೆರೆ
ಶನಿವಾರ ಬೆಳಿಗ್ಗೆ 9:00

ತಾಮ್ರದ ವಾಷರ್ ಎರಡು, ಇಪ್ಪತ್ತು ರೂಪಾಯಿ. ಜೀಪ್ ಸರಿಹೋಯಿತು. ತೋಟದ ಲೆಕ್ಕ ಬರೆಯುವ ರೈಟರ್ ಬೇಜಾರಿನಲ್ಲಿದ್ದಾನೆ, ತಡವಾಗಿ ಬರಲು ಈಗ ಕಾರಣ ಇಲ್ಲ.


ತೋಟದಮನೆ, ಶಿರಸಿ
ಮೂರು ವಾರದ ನಂತರ, ಸೋಮವಾರ ರಾತ್ರಿ 9:40

ತಡವಾಯಿತು, ಮದುವೆ ಗಡಿಬಿಡಿ. ವಾಲ್ವ್ ಹುಬ್ಬಳ್ಳಿಯಿಂದ ತರಿಸಿದೆ, ಎರಡು ಸಾವಿರದೊಳಗೆ ಮುಗಿಯಿತು. ಕ್ಯಾನಿಸ್ಟರ್ ಅಲ್ಲಾಡಿಸಿದರೆ ಗೆಜ್ಜೆಯ ಹಾಗೆ ಸದ್ದು. ಅದಕ್ಕೂ ಹೊಸದೇ ಬೇಕಾಯಿತು, ಅದು ವಾಲ್ವಿಗಿಂತ ದುಬಾರಿ. ಇದುವರೆಗೆ ಐದು ಸಲ ಪೆಟ್ರೋಲ್ ಹಾಕಿಸಿದ್ದೇನೆ. ಐದೂ ಸಲ ಮೊದಲ ಸೆಲ್ಫಿಗೆ ಹಿಡಿಯಿತು. ಸಿದ್ದಾಪುರದ ಮೇಲೆ ಸಾಗರಕ್ಕೆ ಹೋಗಿ ಬಂದೆವು, ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿ ತುಂಬ ಬಾಳೆಗೊನೆ.

ಮೊನ್ನೆ ಬಂಕಿನಲ್ಲಿ ಗನ್ ಕಟ್ ಆದಾಗ 1,943 ರೂಪಾಯಿ. ಹುಡುಗ ‘ರೌಂಡ್ ಫಿಗರ್ ಮಾಡಲಾ ಸರ್’ ಅಂದ. ಬೇಡ ಅಂದೆ. ಫೋನಿನಲ್ಲಿ ದುಡ್ಡು ಕಳಿಸುವಾಗ 1,943 ಆದರೇನು, 2,000 ಆದರೇನು. ಅವನಿಗೆ ಕಾರಣ ಹೇಳಲು ಹೋದೆ. ಹಿಂದಿನ ಬೈಕಿನವರು ಹಾರ್ನ್ ಹೊಡೆದರು.

ಪದ್ಮಕ್ಕ, ಸ್ಪ್ಯಾನರ್ ಸರ್, ಶಿರಸಿ ಕಡೆ ಬಂದರೆ ಊಟಕ್ಕೆ ನಮ್ಮ ಮನೆಗೇ ಬರಬೇಕು. ಹಳೆ ಫ್ಯುಯೆಲ್ ಪಂಪ್ ಡಿಕ್ಕಿಯಲ್ಲೇ ಇದೆ. ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು ಅಂತ ಈಗ ಗೊತ್ತಾಯಿತಲ್ಲ. ಯಾರಿಗಾದರೂ ಬೇಕಾ?


ಜೋಳದರೊಟ್ಟಿ, ಹುಬ್ಬಳ್ಳಿ
ಸೋಮವಾರ ರಾತ್ರಿ 9:52

ನನಗೆ ಬೇಕ್ರಿ. ನಿಮ್ಮದೇ ಮಾಡೆಲ್ ನನ್ನದು. ಆದರೆ ಮೊದಲು ಪ್ಲಗ್ ಬಿಚ್ಚಿ ಬಣ್ಣ ನೋಡಿ ಹೇಳ್ತೀನಿ, ಅಲ್ಲಿತನಕ ಯಾರಿಗೂ ಕೊಡಬೇಡ್ರಿ.